ಕೋಚ್‌ಗೆ ಕಟೌಟ್ ಇಲ್ಲ

ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ನಮ್ಮ ಮಂಗಳೂರಿನ ಕೆಲವು ಓಣಿಗಳು ದಕ್ಷಿಣ ಅಮೆರಿಕಕ್ಕೆ ಸೇರಿಬಿಡುತ್ತವೆ. ಉಳ್ಳಾಲ, ಬಂದರು, ಕುದ್ರೋಳಿಯ ಕಡೆ ನಡೆದರೆ ಒಂದು ಮನೆಯ ಮೇಲೆ ಬ್ರೆಜಿಲಿನ ಹಳದಿ ಬಾವುಟ, ಎದುರು ಮನೆಯ ಮೇಲೆ ಅರ್ಜೆಂಟೀನಾದ ನೀಲಿ ಬಿಳಿ ಬಾವುಟ. ಕಾಸರಗೋಡು ದಾಟಿ ಕೇರಳದೊಳಗೆ ಹೋದಷ್ಟೂ ಈ ಹುಚ್ಚು ಏರುತ್ತದೆ. 2022ರಲ್ಲಿ ಕೋಝಿಕ್ಕೋಡ್ ಹತ್ತಿರದ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿ, ನೆಯ್ಮಾರ್, ರೊನಾಲ್ಡೊ ಅವರ ಆಳೆತ್ತರ ಮೀರಿದ ಕಟೌಟುಗಳು ಎದ್ದು ನಿಂತದ್ದನ್ನು ಜಗತ್ತೇ ನೋಡಿತು. ಇಷ್ಟೆಲ್ಲ ನೋಡಿದ ಮೇಲೂ ನನಗೆ ಒಂದು ಕಟೌಟ್ ಮಾತ್ರ ಎಲ್ಲೂ ಕಾಣಲಿಲ್ಲ. ಅದು ಕೋಚ್‌ನದ್ದು. ಗೆರೆಯ ಆಚೆ ನಿಂತು ತೊಂಬತ್ತು ನಿಮಿಷ ಕೈ ಬೀಸುವ, ಕೂಗುವ, ಗೆದ್ದಾಗ ಹಿಂದೆ ಸರಿದು ಸೋತಾಗ ಮುಂದೆ ನಿಲ್ಲಬೇಕಾದ ಆ ಮನುಷ್ಯನನ್ನು ಯಾರೂ ಹೊಳೆಯ ನಡುವೆ ನಿಲ್ಲಿಸುವುದಿಲ್ಲ.

ನಾನು ಬ್ರೆಜಿಲ್ ಪಕ್ಷದವನು. ಆದರೆ ನನಗೆ ಬ್ರೆಜಿಲಿನ ರುಚಿ ಹತ್ತಿಸಿದ್ದು ಪೆಲೆಯೂ ಅಲ್ಲ, ಜೀಕೊನೂ ಅಲ್ಲ. ಒಬ್ಬ ಕೋಚ್. ಅದಕ್ಕೆ ಕಾರಣ ನನ್ನ ಸೋದರಮಾವ.

ಮಾವ ಹರೆಯದಲ್ಲಿ ನೆಹರೂ ಮೈದಾನದ ಹತ್ತಿರ ಫುಟ್‌ಬಾಲ್ ಆಡಿದವರು. 1977ರಲ್ಲಿ ಊರಿನ ಉಳಿದ ಹುಡುಗರ ಹಾಗೆ ಮುಂಬಯಿಗೆ ಹೋಗಿ, ಅಲ್ಲಿಂದ ಕುವೈಟಿಗೆ ಹಾರಿದರು. ಕಟ್ಟಡ ಕಟ್ಟುವ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್ ಕೆಲಸ. ಅವರು ಹೋದ ಹೊತ್ತಿಗೆ ಅಲ್ಲಿ ಇನ್ನಿಬ್ಬರು ಪರದೇಶದ ಕೆಲಸಗಾರರು ಬಂದು ಕೂತಿದ್ದರು. ಒಬ್ಬರು ಮಾರಿಯೊ ಜಗಾಲೊ. 1958 ಮತ್ತು 1962ರಲ್ಲಿ ಆಟಗಾರನಾಗಿ, 1970ರಲ್ಲಿ ಕೋಚ್ ಆಗಿ ಬ್ರೆಜಿಲಿಗೆ ವಿಶ್ವಕಪ್ ತಂದವರು. ಇನ್ನೊಬ್ಬರು ಅವರ ಸಹಾಯಕ ಕಾರ್ಲೋಸ್ ಆಲ್ಬೆರ್ಟೊ ಪರೇರಾ. ಜಗಾಲೊ ಹೋದ ಮೇಲೆ 1978ರಲ್ಲಿ ಕುವೈಟ್ ತಂಡ ಪರೇರಾ ಕೈಗೆ ಬಂತು.

ಈ ಹೆಸರೇ ಮಾವನ ಕೋಣೆಯಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತಂತೆ. ಮಂಗಳೂರಿನಲ್ಲಿ ಹುಟ್ಟಿದವರಿಗೆ ಪಿರೇರಾ ಎಂದರೆ ಪಕ್ಕದ ಮನೆಯವರು. ಬೆಂದೂರಿನಲ್ಲೋ ಬಿಜೈಯಲ್ಲೋ ಒಂದು ಹೆಂಚಿನ ಮನೆ, ಅಂಗಳದಲ್ಲಿ ತೆಂಗು, ಕ್ರಿಸ್ಮಸ್ಸಿಗೆ ಕುಸ್ವಾರ್. ಕುವೈಟಿನ ಕೋಚ್ ನಮ್ಮ ಕಡೆಯವನೇ ಇರಬೇಕು, ಹೆಚ್ಚೆಂದರೆ ಗೋವಾದವನು ಎಂದು ಇಬ್ಬರು ಪಂತ ಕಟ್ಟಿದ್ದರಂತೆ. ಪೋರ್ಚುಗೀಸರು ಅಲ್ಲಿಗೂ ಹೋಗಿದ್ದರು, ಇಲ್ಲಿಗೂ ಬಂದಿದ್ದರು ಎನ್ನುವ ಚರಿತ್ರೆ ಆ ಕೋಣೆಗೆ ತಲುಪಿದ್ದು ಹಾಗೆ.

ಪರೇರಾ ರಿಯೊ ಡಿ ಜನೈರೊದವರು, 1943ರಲ್ಲಿ ಹುಟ್ಟಿದವರು. ದೊಡ್ಡ ಆಟಗಾರನಾಗಿ ಹೆಸರು ಮಾಡಿ ಕೋಚ್ ಆದವರಲ್ಲ. ವೃತ್ತಿಪರ ಫುಟ್‌ಬಾಲ್ ಆಡಿದವರೇ ಅಲ್ಲ. ದೈಹಿಕ ಶಿಕ್ಷಣ ಓದಿ, ಇಪ್ಪತ್ತೈದು ತುಂಬುವ ಮೊದಲೇ ಆಫ್ರಿಕದ ಘಾನಾಕ್ಕೆ ಕೋಚ್ ಆಗಿ ಹೋದವರು. 1970ರ ಆ ಮಹಾ ತಂಡದಲ್ಲಿ ಪೆಲೆ, ಟೊಸ್ಟಾವೊ, ಜೈರ್‌ಜಿನ್ಹೊ ಅವರನ್ನು ಓಡಿಸಿ, ದಣಿಸಿ, ದೇಹ ಸಜ್ಜು ಮಾಡಿದವರಲ್ಲಿ ಇವರೂ ಒಬ್ಬರು. ಆಮೇಲೆ ಮರಳುಗಾಡಿಗೆ ಬಂದರು. 1980ರಲ್ಲಿ ಏಷ್ಯನ್ ಕಪ್ ಕುವೈಟಿನಲ್ಲೇ ನಡೆಯಿತು. ಫೈನಲಿನಲ್ಲಿ ಕುವೈಟ್ ದಕ್ಷಿಣ ಕೊರಿಯಾವನ್ನು 3-0ಯಿಂದ ಸೋಲಿಸಿತು. ಆ ರಾತ್ರಿ ಕಾರುಗಳ ಹಾರನ್ ಗದ್ದಲದಲ್ಲಿ ಕ್ಯಾಂಪಿನ ಯಾರೂ ಮಲಗಲಿಲ್ಲ ಎಂದು ಮಾವ ಎಷ್ಟೋ ಸಲ ಹೇಳಿದ್ದಾರೆ.

ಎರಡು ವರ್ಷಕ್ಕೆ ಸ್ಪೇನಿನ ವಿಶ್ವಕಪ್. ಕುವೈಟಿಗೆ ಅದು ಮೊದಲನೆಯದು. ಚೆಕೊಸ್ಲೊವಾಕಿಯದ ಜೊತೆ 1-1 ಸಮ. ಫ್ರಾನ್ಸ್ ವಿರುದ್ಧದ ಆಟದಲ್ಲಿ ಪ್ರೇಕ್ಷಕರ ನಡುವಿನಿಂದ ಯಾರೋ ಸೀಟಿ ಊದಿದರು. ರೆಫರಿಯ ಸೀಟಿ ಎಂದುಕೊಂಡು ಕುವೈಟಿನವರು ಆಟ ನಿಲ್ಲಿಸಿದರು, ಫ್ರಾನ್ಸಿನ ಜಿರೆಸ್ ಗೋಲು ಹೊಡೆದರು. ಆಗ ಗ್ಯಾಲರಿಯಲ್ಲಿದ್ದ ಶೇಖ್ ಫಹದ್, ಕುವೈಟ್ ರಾಜಮನೆತನದವರು, ಫುಟ್‌ಬಾಲ್ ಸಂಸ್ಥೆಯ ಮುಖ್ಯಸ್ಥರು, ಮೈದಾನಕ್ಕೇ ಇಳಿದುಬಿಟ್ಟರು. ರೆಫರಿ ಗೋಲನ್ನು ರದ್ದು ಮಾಡಿದ. ಪಂದ್ಯ ಕೊನೆಗೆ ಕುವೈಟ್ 4-1ರಿಂದ ಸೋತಿತು ಅನ್ನುವುದು ಬೇರೆ. ಈ ಪ್ರಸಂಗವನ್ನು ಎಲ್ಲರೂ ನಗೆಚಾಟಿಕೆಯಾಗಿ ಹೇಳುತ್ತಾರೆ. ಮಾವ ಮಾತ್ರ ನಗುತ್ತಿರಲಿಲ್ಲ. "ಧಣಿಯೇ ಕೆಲಸದ ಜಾಗಕ್ಕೆ ಇಳಿದರೆ ಮೇಸ್ತ್ರಿ ಏನು ಮಾಡಬೇಕು ಮಾರಾಯ? ಪರೇರನಿಗೂ ನಮ್ಮ ಹಾಗೇ ವೀಸಾ, ನಮ್ಮ ಹಾಗೇ ಕಫೀಲ" ಎನ್ನುತ್ತಿದ್ದರು.

ನನಗೆ ಫುಟ್‌ಬಾಲ್ ಕೋಚ್ ಎನ್ನುವ ಜೀವಿಯನ್ನು ಯಾರಾದರೂ ಸರಿಯಾಗಿ ವಿವರಿಸಿದ್ದರೆ ಅದು ಈ ಒಂದು ಮಾತಿನಲ್ಲಿ. ಅವನು ಹೊಟ್ಟೆಪಾಡಿಗೆ ಊರು ಬಿಟ್ಟವನು. ಇನ್ನೊಬ್ಬರ ಜಾಗದಲ್ಲಿ, ಇನ್ನೊಬ್ಬರ ದುಡ್ಡಿನಲ್ಲಿ, ಇನ್ನೊಬ್ಬರ ಮಕ್ಕಳನ್ನು ಇಟ್ಟುಕೊಂಡು ಮನೆ ಕಟ್ಟುವವನು. ಕಟ್ಟಿದ ಮನೆಯಲ್ಲಿ ಅವನು ವಾಸಿಸುವುದಿಲ್ಲ.

1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈಟಿಗೆ ನುಗ್ಗಿತು. ಮೊದಲ ದಿನವೇ ಅದೇ ಶೇಖ್ ಫಹದ್ ಅರಮನೆಯ ಬಳಿ ಗುಂಡಿಗೆ ಬಲಿಯಾದರು. ಮಾವ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ, ಮುಂಬಯಿಯಿಂದ ಬಸ್ಸಿನಲ್ಲಿ ಮಂಗಳೂರಿಗೆ ಬಂದಿಳಿದಾಗ ಕೈಯಲ್ಲಿದ್ದದ್ದು ಒಂದೇ ಒಂದು ಚೀಲ. ಹದಿಮೂರು ವರ್ಷದ ದುಡಿಮೆ ಹಿಂದೆ ಉಳಿಯಿತು. ಮತ್ತೆ ಹೋಗಲಿಲ್ಲ. ಮನೆಯ ಹತ್ತಿರ ಒಂದು ಸಣ್ಣ ಅಂಗಡಿ ಇಟ್ಟರು. 1994ರಲ್ಲಿ ಬ್ರೆಜಿಲ್ ಇಪ್ಪತ್ತನಾಲ್ಕು ವರ್ಷಗಳ ಮೇಲೆ ವಿಶ್ವಕಪ್ ಗೆದ್ದಿತು. ಪೆನಾಲ್ಟಿಯಲ್ಲಿ ಇಟಲಿ ಸೋತ ಆ ಬೆಳಗಿನ ಜಾವ ನಮ್ಮ ಮನೆಯಲ್ಲಿ ಎಲ್ಲರೂ ರೊಮಾರಿಯೊ, ಬೆಬೆಟೊ ಎನ್ನುತ್ತಿದ್ದರೆ ಮಾವ ಮೆಲ್ಲಗೆ ಹೇಳಿದ್ದು "ನಮ್ಮ ಕುವೈಟಿನವ ಗೆದ್ದ" ಎಂದು. ಆ ತಂಡದ ಕೋಚ್ ಪರೇರಾ. ಪಕ್ಕದಲ್ಲಿ ಜಗಾಲೊ. ನಾಲ್ಕು ವರ್ಷ ಕಳೆದು 1998ರಲ್ಲಿ ಅದೇ ಪರೇರಾ ಸೌದಿ ಅರೇಬಿಯಾ ತಂಡ ಕಟ್ಟಿಕೊಂಡು ಫ್ರಾನ್ಸಿಗೆ ಹೋದರು. ಎರಡು ಪಂದ್ಯ ಸೋತದ್ದೇ ತಡ, ಮೂರನೆಯದಕ್ಕೆ ಮೊದಲೇ ಅವರನ್ನು ಕೆಲಸದಿಂದ ತೆಗೆದರು. ವಿಶ್ವಕಪ್ ಗೆದ್ದ ಕೋಚ್ ಎಂಬ ಮರ್ಯಾದೆಯೂ ಉಳಿಯಲಿಲ್ಲ. "ಟಿಕೇಟ್ ಕೈಗೆ ಕೊಟ್ಟರು" ಎಂದು ಮಾವ ಪೇಪರ್ ಮಡಚಿಟ್ಟರು.

ಮಾವನ ಈ ಕಣ್ಣಿನಿಂದ ನಮ್ಮ ನಾಡಿನ ಕಡೆ ನೋಡಿದರೆ ನನಗೆ ಮೊದಲು ಕಾಣುವ ಹೆಸರು ಕಾರ್ಲ್‌ಟನ್ ಚಾಪ್‌ಮನ್.

ಬೆಂಗಳೂರಿನಲ್ಲೂ ಒಂದು ಬ್ರೆಜಿಲ್ ಇದೆ. ಹಲಸೂರಿನ ಗೌತಮಪುರ. ಹಿಂದೆ ಅದಕ್ಕೆ ಗನ್ ಟ್ರೂಪ್ಸ್ ಎನ್ನುತ್ತಿದ್ದರು. ಕಂಟೋನ್ಮೆಂಟಿನ ಸೈನಿಕರ ಆಟ ನೋಡಿ ಕಲಿತ ದುಡಿಯುವ ಜನರ ಕೇರಿ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಸಾಲಿನಲ್ಲಿ ಪೆಲೆಯ ಪ್ರತಿಮೆಯೂ ಇದೆ. ಇಂಥ ಕೇರಿಗಳಿಂದ, ಆಸ್ಟಿನ್ ಟೌನಿನಿಂದ, ಮರ್ಫಿ ಟೌನಿನಿಂದ ಬಂದ ಹುಡುಗರು ಒಂದು ಕಾಲಕ್ಕೆ ಭಾರತದ ತಂಡವನ್ನೇ ತುಂಬಿದ್ದರು. ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹೊಡೆದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದ್ದು. ಬರಿಗಾಲಿನಲ್ಲಿ ಚೆಂಡು ಕುಣಿಸುತ್ತಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಅವರು ಹೆಸರು ಮಾಡಿದ್ದು ಮಾತ್ರ ಕೋಲ್ಕತ್ತದ ಈಸ್ಟ್ ಬೆಂಗಾಲಿನಲ್ಲಿ. ಕರಾವಳಿಯವರಿಗೆ ಮುಂಬಯಿ, ಗಲ್ಫ್ ಹೇಗೋ ಬೆಂಗಳೂರಿನ ಫುಟ್‌ಬಾಲ್ ಹುಡುಗರಿಗೆ ಕೋಲ್ಕತ್ತ ಹಾಗೆ. ಬೆಳೆಯಬೇಕಾದರೆ ರೈಲು ಹತ್ತಬೇಕು.

1971ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಚಾಪ್‌ಮನ್ ಆ ರೈಲು ಹತ್ತಿದ್ದು ಜಮ್‌ಷೆಡ್‌ಪುರಕ್ಕೆ. ಅಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ 1987ರಲ್ಲಿ ಶುರುವಾಗಿತ್ತು. ದೇಶದ ಬೇರೆ ಬೇರೆ ಕಡೆಯ ಹುಡುಗರನ್ನು ಆರಿಸಿ ತಂದು, ಊಟ ವಸತಿ ಕೊಟ್ಟು, ವರ್ಷಗಟ್ಟಲೆ ಆಟ ಕಲಿಸುವ ಜಾಗ. 1990ರಲ್ಲಿ ಸೇರಿದ ಚಾಪ್‌ಮನ್ 1993ರಲ್ಲಿ ಈಸ್ಟ್ ಬೆಂಗಾಲಿಗೆ ಬಂದರು. ಬಂದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್ ಹೊಡೆದರು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಇರಾಕಿನ ಕ್ಲಬ್ ಒಂದಕ್ಕೆ ಭಾರತದ ಕ್ಲಬ್ ಆರು ಗೋಲು ಕೊಡುವುದು ಎಂದರೆ ಈಗಲೂ ನಂಬುವುದು ಕಷ್ಟ. ಹ್ಯಾಟ್ರಿಕ್ ಹೊಡೆದದ್ದು ಮುನ್ಪಡೆಯವನಲ್ಲ, ನಡುಮೈದಾನದ ಆಟಗಾರ ಎನ್ನುವುದು ಇನ್ನೂ ದೊಡ್ಡ ಮಾತು.

ಆಮೇಲೆ ಪಂಜಾಬಿನ ಫಗ್ವಾರಾದ ಜೆಸಿಟಿ ಮಿಲ್ಸ್. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಮುಂದೆ, ಅವರ ಹಿಂದೆ ಚಾಪ್‌ಮನ್. 1996-97ರಲ್ಲಿ ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾದಾಗ ಅದನ್ನು ಗೆದ್ದದ್ದು ಈ ತಂಡ. ಗೋಲು ಹೊಡೆದವರ ಹೆಸರು ನಮಗೆಲ್ಲ ಬಾಯಿಪಾಠ. ಆದರೆ ಚೆಂಡು ಆ ಇಬ್ಬರ ಕಾಲಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕಲ್ಲ, ಆ ಕೆಲಸ ಮಾಡುತ್ತಿದ್ದವರಲ್ಲಿ ಇವರು ಮುಖ್ಯರು. ಒಂದು ವರ್ಷ ಎಫ್‌ಸಿ ಕೊಚ್ಚಿನ್. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಆ ಕ್ಲಬ್ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕ ಚಾಪ್‌ಮನ್. 1991ರಿಂದ 2001ರ ತನಕ ಭಾರತಕ್ಕೆ ಆಡಿದರು, ನಾಯಕರೂ ಆಗಿದ್ದರು. 1997ರಲ್ಲಿ ಭಾರತ ಸ್ಯಾಫ್ ಕಪ್ ಗೆದ್ದದ್ದು ಅವರ ನಾಯಕತ್ವದಲ್ಲಿ.

ನಾನು ಅವರನ್ನು ಹತ್ತಿರದಿಂದ ಕಂಡವನಲ್ಲ. ನನ್ನ ಪರಿಚಯ ಪತ್ರಿಕೆಯ ಕ್ರೀಡಾಪುಟದ್ದು. ಕ್ರಿಕೆಟಿನ ಇಡೀ ಪುಟದ ಕೆಳಗೆ, ಎರಡು ಕಾಲಮ್ಮಿನ ಸುದ್ದಿಯಲ್ಲಿ, "ಬೆಂಗಳೂರಿನ ಚಾಪ್‌ಮನ್" ಎಂದು ಬರೆದದ್ದನ್ನು ಓದಿದಾಗ ಒಂದು ಖುಷಿ. ಮಂಗಳೂರಿನಲ್ಲಿ ಕೂತು ಫುಟ್‌ಬಾಲ್ ಹುಚ್ಚು ಹಚ್ಚಿಕೊಂಡವನಿಗೆ ಭಾರತದ ತಂಡದಲ್ಲಿ ಕರ್ನಾಟಕದ ಹೆಸರೊಂದು ಬೇಕಿತ್ತು. ನಾಡಿನ ತಂಡ ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದೇ ಕೊನೆ. ಆಮೇಲೆ ಹುಟ್ಟಿದ ನಮಗೆ ಹೇಳಿಕೊಳ್ಳಲು ಚಾಪ್‌ಮನ್ ಇದ್ದರು.

ಮೂವತ್ತರ ವಯಸ್ಸಿನಲ್ಲಿ ಅವರು ದೊಡ್ಡ ಆಟ ನಿಲ್ಲಿಸಿದರು. 2002ರಲ್ಲಿ, ತಾನು ಕಲಿತ ಟಾಟಾ ಅಕಾಡೆಮಿಗೇ ಕೋಚ್ ಆಗಿ ಮರಳಿದರು. ನಿಜವಾಗಿ ನನ್ನ ಕುತೂಹಲ ಶುರುವಾಗುವುದು ಇಲ್ಲಿಂದ. ಪತ್ರಿಕೆಯವರ ಕುತೂಹಲ ಮುಗಿಯುವುದೂ ಇಲ್ಲಿಗೇ.

2008ರ ಕೊನೆಯಲ್ಲಿ ಅವರು ಶಿಲ್ಲಾಂಗಿಗೆ ಹೋದರು. ರಾಯಲ್ ವಾಹಿಂಗ್‌ಡೋ ಎಂಬ ಕ್ಲಬ್. ಬೆಂಗಳೂರಿನಿಂದ ಮೂರು ಸಾವಿರ ಕಿಲೋಮೀಟರಿನಷ್ಟು ದೂರ, ಭಾಷೆ ಬೇರೆ, ಹವೆ ಬೇರೆ. ಈಶಾನ್ಯದ ಹುಡುಗರು ಭಾರತದ ಫುಟ್‌ಬಾಲನ್ನು ತುಂಬುತ್ತಿದ್ದ ಕಾಲ ಅದು. ಆ ಕ್ಲಬ್ಬಿನ ಜೊತೆ ಅವರು ಶಿಲ್ಲಾಂಗಿನ ಲೀಗ್ ಗೆದ್ದರು, ಗುವಾಹಟಿಯ ಬೊರ್ಡೊಲೋಯ್ ಟ್ರೋಫಿ ಗೆದ್ದರು. ಆಮೇಲೆ ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವಾ, ಕೊನೆಗೆ ಕೋಝಿಕ್ಕೋಡಿನ ಕ್ವಾರ್ಟ್ಜ್. ಎರಡನೇ ದರ್ಜೆಯ ಲೀಗುಗಳು, ಊರ ಲೀಗುಗಳು, ಅಕಾಡೆಮಿಗಳು. ಟಿವಿ ಬಾರದ ಜಾಗಗಳು.

ಆ ಕೆಲಸದ ಸ್ವರೂಪ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಎರಡನೇ ದರ್ಜೆಯ ಲೀಗ್ ಎಂದರೆ ಕೆಲವೇ ತಿಂಗಳ ಆಟ. ಕ್ಲಬ್ಬಿನ ಹಣ ಹಾಕುವವರು ಹೆಚ್ಚಾಗಿ ಒಬ್ಬರೋ ಇಬ್ಬರೋ. ತಂಡ ಮೇಲಕ್ಕೆ ಏರಿದರೆ ಮುಂದಿನ ವರ್ಷ ಇನ್ನೂ ದೊಡ್ಡ ಕೋಚ್ ಬರುತ್ತಾನೆ, ಏರದಿದ್ದರೆ ಬೇರೆ ಕೋಚ್ ಬರುತ್ತಾನೆ. ಎರಡು ಲೆಕ್ಕದಲ್ಲೂ ಇವನು ಪೆಟ್ಟಿಗೆ ಕಟ್ಟಬೇಕು. ಇದರ ನಡುವೆ ಲೈಸೆನ್ಸ್ ಪರೀಕ್ಷೆಗಳು. ಡಿ, ಸಿ, ಬಿ, ಎ, ಅದರ ಮೇಲೆ ಪ್ರೊ. ಒಂದೊಂದು ಮೆಟ್ಟಿಲಿಗೂ ಶಿಬಿರ, ಶುಲ್ಕ, ತಿಂಗಳುಗಳು. ದೇಶಕ್ಕೆ ಹತ್ತು ವರ್ಷ ಆಡಿದ್ದೇನೆ ಎಂದರೆ ಸಾಲದು, ಕಾಗದ ಬೇಕು. ಬೇಕಾದದ್ದೇ ಸರಿ. ಆಡುವುದು ಬೇರೆ, ಕಲಿಸುವುದು ಬೇರೆ ಎನ್ನುವುದಕ್ಕೆ ಪರೇರಾ ಅವರೇ ಸಾಕ್ಷಿ. ಆದರೆ ಆ ಕಾಗದ ಸಂಪಾದಿಸುವ ಹೊತ್ತಿನಲ್ಲಿ ಮನೆ ನಡೆಯಬೇಕು ಎನ್ನುವ ಕಷ್ಟಕ್ಕೆ ಯಾವ ಶಿಬಿರದಲ್ಲೂ ಪಾಠವಿಲ್ಲ.

2014ರ ಅಕ್ಟೋಬರ್ 12ರಂದು ಇಂಡಿಯನ್ ಸೂಪರ್ ಲೀಗ್ ಶುರುವಾಯಿತು. ನಮ್ಮ ನೆರೆಯ ಗೋವಾ ತಂಡಕ್ಕೆ ಕೋಚ್ ಆಗಿ ಬಂದವರು ಜೀಕೊ. 1982ರ ಬ್ರೆಜಿಲ್ ತಂಡದ ಕಣ್ಮಣಿ, ಜಪಾನ್ ತಂಡವನ್ನು 2006ರ ವಿಶ್ವಕಪ್ಪಿಗೆ ಕರೆದೊಯ್ದವರು. ಮಂಗಳೂರಿನಿಂದ ರೈಲು ಹತ್ತಿದರೆ ಮಡಗಾಂವ್ ಏನೂ ದೂರವಲ್ಲ. ಫಟೋರ್ಡಾದ ಹುಲ್ಲಿನ ಪಕ್ಕದಲ್ಲಿ ಜೀಕೊ ನಿಂತಿದ್ದಾರೆ ಎನ್ನುವುದೇ ನಮಗೆ ಕನಸಿನ ಹಾಗಿತ್ತು. ಮೂರು ವರ್ಷ ಅವರು ಅಲ್ಲಿದ್ದರು. 2015ರಲ್ಲಿ ತಂಡವನ್ನು ಫೈನಲಿಗೆ ತಂದು ಚೆನ್ನೈ ಎದುರು 3-2ರಿಂದ ಸೋತರು. ನನಗೆ ಜೀಕೊ ಬಂದದ್ದರ ಬಗ್ಗೆ ಯಾವ ದೂರೂ ಇಲ್ಲ. ಒಳ್ಳೆಯ ಕೋಚ್ ಎಲ್ಲಿಂದ ಬಂದರೂ ಒಳ್ಳೆಯ ಕೋಚೇ. ಕುವೈಟಿಗೆ ಪರೇರಾ ಬಂದ ಹಾಗೆ ಗೋವಾಕ್ಕೆ ಜೀಕೊ ಬಂದರು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದದ್ದು ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ಕೈಯಲ್ಲಿ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಆದದ್ದು ಸ್ಪೇನಿನ ಆಲ್ಬರ್ಟ್ ರೋಕಾ ಕೈಯಲ್ಲಿ. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಆ ದೊಡ್ಡ ಲೀಗಿನ ಬೆಂಚುಗಳಲ್ಲಿ ಚಾಪ್‌ಮನ್‌ಗೆ ಒಂದು ಜಾಗ ಆಗಲಿಲ್ಲ. ಅವರ ಪೀಳಿಗೆಯ ಎಷ್ಟೋ ಜನರಿಗೂ ಆಗಲಿಲ್ಲ.

2020ರ ಅಕ್ಟೋಬರ್ 12ರಂದು, ಸೋಮವಾರ ಬೆಳಿಗ್ಗೆ, ಅವರು ಬೆಂಗಳೂರಿನಲ್ಲಿ ತೀರಿಕೊಂಡ ಸುದ್ದಿ ಬಂತು. ಹೃದಯಾಘಾತ. ನಲವತ್ತೊಂಬತ್ತು ವರ್ಷ. ಕೊರೊನಾದ ದಿನಗಳು. ಅಂದು ಬಂದ ಬರಹಗಳಲ್ಲಿ ನಾನು ಓದಿದವೆಲ್ಲ ಆ ಹ್ಯಾಟ್ರಿಕ್ಕಿನ ಬಗ್ಗೆ, ವಿಜಯನ್ ಮತ್ತು ಬೈಚುಂಗ್ ಜೊತೆಗಿನ ಆಟದ ಬಗ್ಗೆ. ಕೋಚ್ ಆಗಿ ಕಳೆದ ಹದಿನೆಂಟು ವರ್ಷ ಕೊನೆಯ ಒಂದು ಸಾಲಿನಲ್ಲಿ ಮುಗಿದಿತ್ತು. ಆಟಗಾರನಾಗಿದ್ದದ್ದು ಅದಕ್ಕಿಂತ ಕಡಿಮೆ ವರ್ಷ.

ಯಾಕೆ ಹೀಗೆ ಎಂದು ನಾನು ಆಗ ಅವರ ಕ್ಲಬ್ಬುಗಳ ಪಟ್ಟಿ ಬರೆದು ನೋಡಿದೆ. ಜೆಸಿಟಿ, 2011ರಲ್ಲಿ ಫುಟ್‌ಬಾಲ್ ತಂಡವನ್ನು ಮುಚ್ಚಿತು. ಎಫ್‌ಸಿ ಕೊಚ್ಚಿನ್, ದೇಶದ ಮೊದಲ ವೃತ್ತಿಪರ ಕ್ಲಬ್ ಎಂದು ಡಂಗುರ ಸಾರಿ ಹುಟ್ಟಿದ್ದು, ಐದಾರು ವರ್ಷಕ್ಕೆ ಹಣವಿಲ್ಲದೆ ಸತ್ತಿತು. ರಾಯಲ್ ವಾಹಿಂಗ್‌ಡೋ, 2014-15ರಲ್ಲಿ ಐ-ಲೀಗಿಗೆ ಏರಿ ಮೊದಲ ಸಲವೇ ಮೂರನೇ ಸ್ಥಾನಕ್ಕೆ ಬಂದು, ಮರುವರ್ಷ ಲೀಗಿನಿಂದಲೇ ಹಿಂದೆ ಸರಿಯಿತು. ನೂರು ದಾಟಿದ ಈಸ್ಟ್ ಬೆಂಗಾಲ್ ಬಿಟ್ಟರೆ, ಅವರು ಹೆಸರು ಮಾಡಿದ ಮನೆಗಳಲ್ಲಿ ದೀಪ ಹಚ್ಚುವವರಿಲ್ಲ. ಬೆಂಗಳೂರಿನದ್ದೂ ಅದೇ ಕಥೆ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಆಟಗಾರನಿಗೆ ನೌಕರಿ ಕೊಡುತ್ತಿದ್ದವು. ಬೆಳಿಗ್ಗೆ ಹಾಜರಿ, ಮಧ್ಯಾಹ್ನದ ಮೇಲೆ ಅಭ್ಯಾಸ, ಮೊಣಕಾಲು ಹೋದ ಮೇಲೂ ಸಂಬಳ, ನಿವೃತ್ತಿಯಾದ ಮೇಲೆ ಅದೇ ತಂಡಕ್ಕೆ ಕೋಚ್. ಆ ತಂಡಗಳೂ ಒಂದೊಂದಾಗಿ ದೊಡ್ಡ ಆಟದಿಂದ ಮರೆಯಾದವು.

ಈಗ ಪರೇರಾ ಕಡೆ ಒಮ್ಮೆ ತಿರುಗಿ ನೋಡಿ. 1984ರಲ್ಲಿ ಅವರು ರಿಯೊದ ಫ್ಲುಮಿನೆನ್ಸ್ ಕ್ಲಬ್ಬಿಗೆ ಬ್ರೆಜಿಲ್ ಲೀಗ್ ಗೆದ್ದುಕೊಟ್ಟರು. ಹದಿನಾಲ್ಕು ವರ್ಷದ ಮೇಲೆ ಆ ಕ್ಲಬ್ ಮೂರನೇ ದರ್ಜೆಗೆ ಬಿತ್ತು. 1999ರಲ್ಲಿ ವಿಶ್ವಕಪ್ ಗೆದ್ದ ಪರೇರಾ ಆ ಮೂರನೇ ದರ್ಜೆಗೇ ಇಳಿದು ಬಂದು, ಅದನ್ನು ಗೆದ್ದು, ಕ್ಲಬ್ಬನ್ನು ಮೇಲೆತ್ತಿದರು. ಅವರ ಇಡೀ ಬದುಕಿನಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಾಯ ಇದು. ಮೂರನೇ ದರ್ಜೆಯಲ್ಲಿ ಕೆಲಸ ಮಾಡುವುದು ಅವಮಾನವಲ್ಲ. ಚಾಪ್‌ಮನ್ ಮಾಡಿದ ಕೆಲಸವೂ ಅಂಥದ್ದೇ. ವ್ಯತ್ಯಾಸ ಇರುವುದು ಒಂದೇ ಕಡೆ: ಪರೇರಾ ಮರಳಿ ಬಂದಾಗ ಮನೆ ಬಿದ್ದಿತ್ತು, ಆದರೆ ಜಾಗದಲ್ಲಿ ಇತ್ತು. ಗೋಡೆಯ ಮೇಲೆ ಹಳೆಯ ಫೋಟೋಗಳಿದ್ದವು, ಅಪ್ಪನ ಕೈ ಹಿಡಿದು ಬಂದ ಅಭಿಮಾನಿಗಳ ಮಕ್ಕಳಿದ್ದರು. ಕೋಚ್‌ನ ನೆನಪನ್ನು ಉಳಿಸುವುದು ಕ್ಲಬ್. ಕ್ಲಬ್ ಹೋದರೆ ಅವನ ಆಯಸ್ಸಿನ ಲೆಕ್ಕ ಇಡುವವರು ಯಾರೂ ಉಳಿಯುವುದಿಲ್ಲ. ಬ್ರೆಜಿಲ್ ದೊಡ್ಡ ಕೋಚ್‌ಗಳನ್ನು ಹೆತ್ತದ್ದು ಅಲ್ಲಿಯವರ ರಕ್ತದಲ್ಲಿ ಏನೋ ಇದೆ ಎಂದಲ್ಲ. ಒಬ್ಬ ಸೋತು ಬಂದರೂ ಮತ್ತೆ ಕೆಲಸ ಹಿಡಿಯಲು ನೂರು ಹಳೆಯ ಕ್ಲಬ್ಬುಗಳು ಬಾಗಿಲು ತೆರೆದು ಕೂತಿವೆ, ಅದಕ್ಕೆ.

2023ರ ಮಾರ್ಚ್ 4ರಂದು ಒಂದು ಒಳ್ಳೆಯ ಸುದ್ದಿ ಬಂತು. ಕರ್ನಾಟಕ ಐವತ್ನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ಸೌದಿಯ ರಿಯಾದಿನಲ್ಲಿ. ಎದುರಾಳಿ ಮೇಘಾಲಯ. ಅಂದರೆ ಚಾಪ್‌ಮನ್ ಹೋಗಿ ಕಲಿಸಿದ ಶಿಲ್ಲಾಂಗಿನ ನಾಡು. 3-2ರಿಂದ ಗೆಲುವು. ಮಾವನಿಗೆ ಈಗ ಕಿವಿ ಮಂದ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಕಪ್ ಎತ್ತಿದ ಹುಡುಗರನ್ನು ಅವರು ಹೆಚ್ಚು ಹೊತ್ತು ನೋಡಲಿಲ್ಲ. ಸ್ಕ್ರೀನಿನ ಅಂಚಿನ ಕಡೆ ಬೆರಳು ಇಟ್ಟು, "ಕೋಚ್ ಯಾರು?" ಎಂದು ಕೇಳಿದರು. ರವಿ ಬಾಬು ರಾಜು ಎಂದೆ. "ನಮ್ಮವನೇ?" ಎಂದರು. ಹೌದು ಎಂದಾಗ ಅವರ ಮುಖದಲ್ಲಿ ಬಂದ ಸಂತೋಷ 1994ರದ್ದಕ್ಕಿಂತ ಕಡಿಮೆಯದ್ದಲ್ಲ. ಮರುದಿನ ನಾನು ಮಾತಾಡಿಸಿದ ಹತ್ತು ಜನರಲ್ಲಿ ಆ ಹೆಸರು ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಸ್ಟೇಟ್ ಬ್ಯಾಂಕಿನ ಬಸ್ಸುಗಳ ಗಲಾಟೆ ದಾಟಿ ನೆಹರೂ ಮೈದಾನದ ಪಕ್ಕಕ್ಕೆ ಹೋದರೆ ಫುಟ್‌ಬಾಲ್ ಆಡುವ ಜಾಗ. ಬೇಸಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಸರು. ನನ್ನ ಮಗ ಈಗ ಸಂಜೆ ಅಲ್ಲಿಗೆ ಹೋಗುತ್ತಾನೆ. ಬಂದರಿನ, ಬೋಳಾರದ, ಹೊಳೆಯಾಚೆ ಉಳ್ಳಾಲದ ಮಕ್ಕಳು. ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಒಂದೇ ಉಸಿರಿನಲ್ಲಿ. ಕಲಿಸುವವರು ಹಗಲು ಬೇರೆ ಕೆಲಸ ಮಾಡಿ ಬರುವವರು, ಐವತ್ತು ದಾಟಿದವರು. ಫೀಸ್ ಕೊಡುವ ಮಕ್ಕಳು ಕೊಡುತ್ತಾರೆ, ಕೊಡದವರನ್ನು ಕೇಳಿದ್ದು ನಾನು ನೋಡಿಲ್ಲ. ಹರಿದ ಬೂಟನ್ನು ಹೊಲಿಸಿ ತಂದು ಇನ್ನೊಬ್ಬನಿಗೆ ಕೊಡುವುದನ್ನು ನೋಡಿದ್ದೇನೆ.

ಅವರು ಕೂಗಿ ಹೇಳುವುದು ಹೆಚ್ಚಾಗಿ ಒಂದೇ ಮಾತು: "ಪಿರ ತೂಲ!" ಹಿಂದೆ ನೋಡು. ಚೆಂಡು ನಿನ್ನ ಕಾಲಿಗೆ ಬರುವ ಮೊದಲೇ ಒಮ್ಮೆ ತಲೆ ತಿರುಗಿಸಿ ನೋಡು. ನಿನ್ನ ಹಿಂದೆ ಯಾರಿದ್ದಾರೆ, ಎಲ್ಲಿ ಜಾಗವಿದೆ, ಯಾರು ಓಡುತ್ತಿದ್ದಾರೆ ಎಂದು ಮೊದಲೇ ಗೊತ್ತಿರಬೇಕು. ಚೆಂಡು ಬಂದ ಮೇಲೆ ನೋಡಲು ಹೊರಟರೆ ತಡವಾಯಿತು. ನಡುಮೈದಾನದ ಆಟಗಾರನ ಇಡೀ ವಿದ್ಯೆ ಇದು. ಚಾಪ್‌ಮನ್ ಕಾಲಿನಿಂದ ಹೊರಟ ಚೆಂಡು ವಿಜಯನ್ ಕಾಲಿಗೆ ಸರಿಯಾಗಿ ಹೋಗಿ ಬೀಳುತ್ತಿದ್ದದ್ದು ಈ ವಿದ್ಯೆಯ ಬಲದಿಂದ. ಅವರು ಜಮ್‌ಷೆಡ್‌ಪುರದಲ್ಲಿ, ಶಿಲ್ಲಾಂಗಿನಲ್ಲಿ, ಕೋಝಿಕ್ಕೋಡಿನಲ್ಲಿ ಹುಡುಗರಿಗೆ ಕಲಿಸಿದ್ದರಲ್ಲಿ ಇದೂ ಇದ್ದೇ ಇರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ. ಯಾಕೆಂದರೆ ಇದನ್ನು ಹೇಳಿಕೊಡದ ಕೋಚ್ ಇಲ್ಲ.

ಮೊದಮೊದಲು ಮಕ್ಕಳು ಮರೆಯುತ್ತಾರೆ. ನೂರು ಸಲ ಕೂಗಬೇಕು, ಇನ್ನೂರು ಸಲ ಕೂಗಬೇಕು. ಒಂದು ದಿನ ಯಾರೂ ಕೂಗದೆಯೇ ಒಬ್ಬ ಹುಡುಗನ ಕತ್ತು ತನ್ನಷ್ಟಕ್ಕೆ ತಿರುಗುತ್ತದೆ. ಅಲ್ಲಿಂದ ಮೇಲೆ ಅವನು ಎಲ್ಲಿಗೆ ಹೋದರೂ, ಯಾವ ಕ್ಲಬ್ಬಿಗೆ ಆಡಿದರೂ, ಆ ಕ್ಲಬ್ ಇದ್ದರೂ ಮುಚ್ಚಿದರೂ, ಚೆಂಡು ಬರುವ ಮುಂಚೆ ಒಮ್ಮೆ ತಿರುಗಿ ನೋಡಿಯೇ ನೋಡುತ್ತಾನೆ. ಯಾರು ಕಲಿಸಿದ್ದು ಎಂದು ಅವನಿಗೇ ನೆನಪಿರಲಿಕ್ಕಿಲ್ಲ.

ಕಳೆದ ವಾರ ನನ್ನ ಮಗ ಹಾಗೆ ತಿರುಗಿದ. ಗೆರೆಯ ಆಚೆ ನಿಂತಿದ್ದ ಕೋಚ್ ಅದನ್ನು ನೋ‌ಡಿದರು, ಏನೂ ಹೇಳಲಿಲ್ಲ. ಮುಂದಿನ ಹುಡುಗನ ಕಡೆ ತಿರುಗಿ ಮತ್ತೆ ಕೂಗಲು ಶುರು ಮಾಡಿದರು.